ಒಂದೇ ಪುಸ್ತಕ, ಒಂದೇ ಪರೀಕ್ಷೆ: ಇದು ನ್ಯಾಯವೇ?

ಏಳನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತ ಮಕ್ಕಳನ್ನು ಎಂಟನೆಯ ತರಗತಿಗೆ ಇಂಗ್ಲಿಷ್ ಮಾಧ್ಯಮದ ಹೈಸ್ಕೂಲಿಗೆ ಸೇರಿಸುವುದು ನಮ್ಮ ಕರಾವಳಿಯಲ್ಲಿ ಹೊಸತೇನಲ್ಲ. ಹೆತ್ತವರ ಲೆಕ್ಕಾಚಾರ ಸರಳ. ನಾಳೆ ಪಿಯುಸಿಯಲ್ಲಿ ವಿಜ್ಞಾನ ಆರಿಸಿಕೊಂಡರೆ ಪಾಠವೆಲ್ಲ ಇಂಗ್ಲಿಷಿನಲ್ಲೇ. ಆಗ ತಡವರಿಸುವ ಬದಲು ಈಗಲೇ ರೂಢಿಯಾಗಲಿ. ಇದನ್ನು ನಾವು ಹಳಿಯಲಾರೆವು. ಕನ್ನಡದ ಪರ ವೇದಿಕೆಯಲ್ಲಿ ಗುಡುಗುವವರ ಮಕ್ಕಳು ಯಾವ ಮಾಧ್ಯಮದಲ್ಲಿ ಕಲಿಯುತ್ತಿದ್ದಾರೆಂದು ಕೇಳಹೊರಟರೆ ಮಾತು ಬೇರೆಲ್ಲಿಗೋ ಹೋದೀತು. ಮಾಧ್ಯಮದ ಕುರಿತ ನಮ್ಮ ವಾದವಿವಾದಗಳೆಲ್ಲ ಒಂದನೆಯ ತರಗತಿಯ ಮಗುವಿನ ಸುತ್ತಲೇ ನಡೆದಿವೆ. 2014ರಲ್ಲಿ ಸುಪ್ರೀಂ ಕೋರ್ಟು ಇತ್ಯರ್ಥಪಡಿಸಿದ್ದೂ ಪ್ರಾಥಮಿಕ ಶಾಲೆಯ ಮಾಧ್ಯಮದ ಪ್ರಶ್ನೆಯನ್ನೇ. ಹದಿಮೂರನೆಯ ವಯಸ್ಸಿನಲ್ಲಿ ದಾರಿ ಬದಲಿಸಿದ ಮಗುವಿನ ಬಗ್ಗೆ ಯಾರು ಮಾತನಾಡುತ್ತಾರೆ? ಆ ಮಗುವಿಗೆ ಶಾಲೆ ಏನನ್ನು ಕೊಡಬೇಕು?

ಎಲ್ಲರಿಗೂ ಕೊಟ್ಟದ್ದನ್ನೇ ಎಂಬುದು ಸಾಮಾನ್ಯ ಉತ್ತರ. ಅದೇ ಪುಸ್ತಕ, ಅದೇ ಬೆಂಚು, ಅದೇ ಪ್ರಶ್ನೆಪತ್ರಿಕೆ. ಮೇಲ್ನೋಟಕ್ಕೆ ಇದಕ್ಕಿಂತ ದೊಡ್ಡ ನ್ಯಾಯ ಇನ್ನೇನಿದೆ ಎನಿಸುತ್ತದೆ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಶಾಲಾಡಳಿತದ ಸಮರ್ಥನೆಯೂ ಹೀಗೆಯೇ ಇತ್ತು. 1970ರ ದಶಕದ ಆರಂಭದಲ್ಲಿ ಅಲ್ಲಿ ಇಂಗ್ಲಿಷ್ ಬಾರದ ಚೀನೀ ಮೂಲದ 2,800ಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದರು. ಅವರಲ್ಲಿ ಸುಮಾರು 1,800 ಮಂದಿಗೆ ಇಂಗ್ಲಿಷ್ ಕಲಿಸುವ ವಿಶೇಷ ಏರ್ಪಾಡು ಇರಲಿಲ್ಲ. ಮಕ್ಕಳು ಒಂದೊಂದು ಬಗೆಯ ಹಿನ್ನೆಲೆಯಿಂದ ಬರುತ್ತಾರೆ, ಆ ಕೊರತೆಗೆ ಶಾಲೆ ಕಾರಣವಲ್ಲ ಎಂದು ಕೆಳಗಿನ ನ್ಯಾಯಾಲಯಗಳು ಕೈಚೆಲ್ಲಿದವು. ಆದರೆ 1974ರ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 'ಲಾವ್ ವಿರುದ್ಧ ನಿಕೋಲ್ಸ್' ಪ್ರಕರಣದಲ್ಲಿ ಆ ತೀರ್ಪನ್ನು ಒಮ್ಮತದಿಂದ ತಳ್ಳಿಹಾಕಿತು. ಭಾಷೆ ತಿಳಿಯದ ಮಗುವಿಗೆ ಉಳಿದವರಿಗೆ ಕೊಟ್ಟ ಪುಸ್ತಕವನ್ನೇ ಕೊಟ್ಟ ಮಾತ್ರಕ್ಕೆ ಸಮಾನತೆ ಬರುವುದಿಲ್ಲ ಎಂಬುದು ಅದರ ತಿರುಳು. ಯಾವ ವಿಧಾನದಿಂದ ಕಲಿಸಬೇಕೆಂದು ಕೋರ್ಟು ಹೇಳಲಿಲ್ಲ; ಸುಮ್ಮನೆ ಕೂರುವಂತಿಲ್ಲ ಎಂದಷ್ಟೇ ಹೇಳಿತು.

ಸರಿ, ಒಂದೆರಡು ವರ್ಷದಲ್ಲಿ ಮಕ್ಕಳು ತಾವಾಗಿಯೇ ಹೊಂದಿಕೊಳ್ಳುತ್ತಾರಲ್ಲ ಎನ್ನುವವರಿದ್ದಾರೆ. ಮಾತಿನ ಮಟ್ಟಿಗೆ ಇದು ನಿಜ. ಕೆನಡಾದ ಭಾಷಾ ಶಿಕ್ಷಣ ತಜ್ಞ ಜಿಮ್ ಕಮಿನ್ಸ್ 1979ರಿಂದಲೂ ಮಾಡುತ್ತ ಬಂದ ಒಂದು ಭೇದ ಇಲ್ಲಿ ಉಪಯುಕ್ತ. ಹೊಸ ಭಾಷೆಯಲ್ಲಿ ದಿನನಿತ್ಯದ ಮಾತುಕತೆ ಸುಮಾರು ಎರಡು ವರ್ಷಗಳಲ್ಲಿ ಕೈಗೂಡುತ್ತದೆ. ಪಾಠದ ಭಾಷೆಯಲ್ಲಿ ಓರಗೆಯವರಿಗೆ ಸರಿಸಾಟಿಯಾಗಲು ಐದರಿಂದ ಏಳು ವರ್ಷ ಬೇಕು. ಅದೂ ಸುತ್ತಲೂ ಇಂಗ್ಲಿಷೇ ಕೇಳಿಸುವ ದೇಶದಲ್ಲಿ. ನಮ್ಮ ಹೈಸ್ಕೂಲಿಗಿರುವುದು ಮೂರೇ ವರ್ಷ. ವರ್ಷದ ಆರಂಭದ 'ಸೇತುಬಂಧ' ಮುಗಿಯಲು ಕೆಲವೇ ವಾರ ಸಾಕು.

ಈ ಲೆಕ್ಕ ಗೊತ್ತಿಲ್ಲದಿದ್ದರೆ ಏನಾಗುತ್ತದೆ? ಮಗು 'ಗುಡ್ ಮಾರ್ನಿಂಗ್' ಎನ್ನುತ್ತದೆ, ಸ್ನೇಹಿತರೊಡನೆ ಹರಟುತ್ತದೆ, ಆದರೆ ಭೌತಶಾಸ್ತ್ರದ ಉತ್ತರ ಬರೆಯಲಾಗುವುದಿಲ್ಲ. ಆಗ ಶಿಕ್ಷಕರು ತೀರ್ಮಾನಕ್ಕೆ ಬರುತ್ತಾರೆ: ಇಂಗ್ಲಿಷ್ ಬರುತ್ತದೆ, ಬುದ್ಧಿಯೇ ಸಾಲದು. ನಮ್ಮ ದೃಷ್ಟಿಯಲ್ಲಿ ಅನ್ಯಾಯ ನಡೆಯುವುದು ಈ ಗಳಿಗೆಯಲ್ಲಿ. ಜವಕ್ಕೂ ವೇಗಕ್ಕೂ ಇರುವ ವ್ಯತ್ಯಾಸವನ್ನು ಕನ್ನಡದಲ್ಲಿ ಬಿಡಿಸಿ ಹೇಳಬಲ್ಲ ಹುಡುಗಿ 'ಸ್ಪೀಡ್' ಮತ್ತು 'ವೆಲಾಸಿಟಿ' ಎಂದಾಗ ಬಾಯಿ ಕಟ್ಟಿ ನಿಲ್ಲುತ್ತಾಳೆ. ಅವಳಿಗೆ ಗೊತ್ತಿರುವುದನ್ನು ನಾವು ಅಳೆಯುತ್ತಿಲ್ಲ, ಗೊತ್ತಿಲ್ಲದ ಒಂದು ಪದವನ್ನು ಅಳೆದು ಅದಕ್ಕೆ ವಿಜ್ಞಾನದ ಅಂಕವೆಂದು ಹೆಸರಿಡುತ್ತಿದ್ದೇವೆ. ಇದೇ ಹುಡುಗಿ ಬ್ಯಾರಿ ಮನೆಯವಳಾಗಿದ್ದರೆ ಅವಳಿಗೆ ಕನ್ನಡವೂ ಶಾಲೆಯ ಭಾಷೆಯೇ. ಆರನೆಯ ವಯಸ್ಸಿನಲ್ಲಿ ಒಮ್ಮೆ ಹೊಸ ಭಾಷೆಯ ಹೊಳೆ ದಾಟಿ ಬಂದವಳು ಅವಳು. ಅದನ್ನು ಸಾಮರ್ಥ್ಯವೆಂದು ಯಾರೂ ಅಂಕಪಟ್ಟಿಯಲ್ಲಿ ಬರೆಯಲಿಲ್ಲ. ಅದರ ಬದಲು ತರಗತಿಯಲ್ಲಿ ಕನ್ನಡ ಆಡಿದರೆ ದಂಡ ಹಾಕುವ ಶಾಲೆಗಳಿವೆ. ದಂಡಕ್ಕೆ ಹೆದರಿದ ಮಗು ಇಂಗ್ಲಿಷ್ ಕಲಿಯುವುದಿಲ್ಲ, ಮೌನವನ್ನು ಕಲಿಯುತ್ತದೆ. ಪ್ರಶ್ನೆ ಕೇಳುವುದನ್ನು ಎಂಟನೆಯಲ್ಲಿ ಬಿಟ್ಟವರು ಮತ್ತೆ ಕೇಳುವುದು ಯಾವಾಗ?

ರಿಯಾಯಿತಿ ಕೊಟ್ಟರೆ ಮಕ್ಕಳು ಮೈಗಳ್ಳರಾಗುತ್ತಾರೆ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಲಾಗದು. ಪಾಠವನ್ನೇ ತೆಳುವಾಗಿಸುವುದು ಖಂಡಿತ ಉಪಕಾರವಲ್ಲ, ಅದು ಇನ್ನೊಂದು ಬಗೆಯ ಅವಮಾನ. ನಾವು ಕೇಳುವುದು ಸುಲಭದ ಪಾಠವನ್ನಲ್ಲ, ಅದೇ ಪಾಠಕ್ಕೆ ಹತ್ತುವ ಮೆಟ್ಟಿಲನ್ನು. ಹೊಸ ಅಧ್ಯಾಯ ತೆರೆಯುವ ಮುನ್ನ ಅದರ ಹತ್ತು ಪದಗಳನ್ನು ಬೋರ್ಡಿನ ಮೇಲೆ ಎರಡೂ ಭಾಷೆಗಳಲ್ಲಿ ಬರೆಯಬಹುದು. ಉತ್ತರವನ್ನು ಮೊದಲು ಕನ್ನಡದಲ್ಲಿ ಹೇಳಿಸಿ, ಬಳಿಕ ಇಂಗ್ಲಿಷಿಗೆ ತರಿಸಬಹುದು. ಕಿರುಪರೀಕ್ಷೆಗಳಲ್ಲಿ ವಿಷಯಕ್ಕೆ ಬೇರೆ, ಭಾಷೆಗೆ ಬೇರೆ ಅಂಕ ಹಾಕಬಹುದು.

ಅರುವತ್ತು ಮಕ್ಕಳ ತರಗತಿಯಲ್ಲಿ ನಿಂತ ಶಿಕ್ಷಕಿಗೆ ಇಷ್ಟೂ ಹೆಚ್ಚಿನ ಹೊರೆಯೇ ಎಂಬುದು ನಿಜ. ಎಷ್ಟೋ ಶಿಕ್ಷಕರು ಸ್ವತಃ ಕನ್ನಡ ಮಾಧ್ಯಮದಿಂದ ಬಂದವರು, ತಮ್ಮ ಇಂಗ್ಲಿಷಿನ ಬಗ್ಗೆ ಒಳಗೊಳಗೇ ಅಳುಕುಳ್ಳವರು. ಪುಸ್ತಕದಲ್ಲಿರುವುದನ್ನು ಓದಿ ಗೈಡಿನ ಉತ್ತರ ಬರೆಸಿಬಿಡುವುದು ಅವರಿಗೂ ಒಂದು ಆಸರೆ. ಆ ಅಳುಕನ್ನು ಮಕ್ಕಳ ಮುಂದೆ ಮುಚ್ಚಿಡದೆ, 'ನಾನೂ ಹೀಗೆಯೇ ಕಲಿತೆ' ಎಂದು ಹೇಳುವ ಶಿಕ್ಷಕರ ತರಗತಿಯಲ್ಲಿ ಹಿಂದಿನ ಬೆಂಚಿನಿಂದಲೂ ಕೈ ಮೇಲೇಳುತ್ತದೆ. ತಮ್ಮ ಪ್ರವೇಶದ ಜಾಹೀರಾತಿನಲ್ಲಿ ಇಂಗ್ಲಿಷನ್ನೇ ದೊಡ್ಡ ಅಕ್ಷರದಲ್ಲಿ ಅಚ್ಚುಹಾಕಿಸುವ ಆಡಳಿತ ಮಂಡಳಿಗಳು, ಎಂಟನೆಯ ತರಗತಿಗೆ ಕನ್ನಡದಿಂದ ಬಂದವರಿಗಾಗಿ ವಾರದಲ್ಲಿ ಎರಡು ಪೀರಿಯಡ್ ಹೆಚ್ಚಿಗೆ ಮೀಸಲಿಟ್ಟು, ಅದಕ್ಕೊಬ್ಬ ಶಿಕ್ಷಕರನ್ನು ನೇಮಿಸಲು ಏಕೆ ಹಿಂಜರಿಯುತ್ತವೆ? ಶುಲ್ಕವನ್ನಂತೂ ಆ ಮಕ್ಕಳಿಂದಲೂ ಪೂರ್ತಿಯಾಗಿಯೇ ಪಡೆಯಲಾಗುತ್ತದೆ.