ನಟಭೇದವೂ ಕರ್ಮಫಲವೂ

ಹಿಂದೆ ಒಂದೂರಿನಲ್ಲಿ ಕಂಡ ದೇವದತ್ತನನ್ನು ಇಂದು ಬೇರೊಂದೂರಿನಲ್ಲಿ ಕಂಡಾಗ 'ಆ ದೇವದತ್ತನೇ ಈತನು' ಎಂಬ ಜ್ಞಾನವು ಹುಟ್ಟುತ್ತದೆ. ಇದನ್ನು ಶಾಸ್ತ್ರಕಾರರು ಪ್ರತ್ಯಭಿಜ್ಞೆ ಎಂದು ಕರೆದಿದ್ದಾರೆ. ದೇಶಕಾಲಗಳು ಬೇರೆಯಾದರೂ ಅಲ್ಲಿ ವ್ಯಕ್ತಿಯು ಒಬ್ಬನೇ. ಆದರೆ ಮುಖವೂ ಕಂಠಸ್ವರವೂ ನಡೆನುಡಿಗಳೂ ಮಾರ್ಪಟ್ಟು, ಹೆಸರೊಂದು ಮಾತ್ರ ಉಳಿದಿದ್ದರೆ, ಆಗಲೂ 'ಆತನೇ ಈತನು' ಎನ್ನಬಹುದೆ? ಜೇಮ್ಸ್ ಬಾಂಡ್ ಎಂಬ ಆಂಗ್ಲ ಗೂಢಚಾರನ ಚಲಚ್ಚಿತ್ರಗಳನ್ನು ಕ್ರಮವಾಗಿ ನೋಡಿದವರಿಗೆ ಈ ಪ್ರಶ್ನೆಯು ಹೊಳೆಯದಿರದು.

ಇಯಾನ್ ಫ್ಲೆಮಿಂಗನು 1953ರಲ್ಲಿ ಪ್ರಕಟಿಸಿದ 'ಕ್ಯಾಸಿನೊ ರಾಯಲ್' ಕಾದಂಬರಿಯಲ್ಲಿ ಈತನು ಮೊದಲು ಕಾಣಿಸಿಕೊಂಡನು. 1962ರ 'ಡಾಕ್ಟರ್ ನೋ' ಮೊದಲ್ಗೊಂಡು 2021ರ 'ನೋ ಟೈಮ್ ಟು ಡೈ' ವರೆಗೆ ಒಂದೇ ನಿರ್ಮಾಣಸಂಸ್ಥೆಯಿಂದ 25 ಚಿತ್ರಗಳು ಹೊರಬಂದುವು. ಅವುಗಳಲ್ಲಿ ನಾಯಕರಾದವರು ಆರು ಮಂದಿ: ಶಾನ್ ಕಾನರಿ ಆರರಲ್ಲಿ, ಜಾರ್ಜ್ ಲೇಜನ್‌ಬಿ ಒಂದರಲ್ಲಿ, ರೋಜರ್ ಮೂರ್ ಏಳರಲ್ಲಿ, ತಿಮೊಥಿ ಡಾಲ್ಟನ್ ಎರಡರಲ್ಲಿ, ಪಿಯರ್ಸ್ ಬ್ರಾಸ್ನನ್ ನಾಲ್ಕರಲ್ಲಿ, ಡೇನಿಯಲ್ ಕ್ರೇಗ್ ಐದರಲ್ಲಿ. ನಾಯಕನ ಅಂಕಿತವು 007. ಅದರ ಮೊದಲೆರಡು ಸೊನ್ನೆಗಳು ಕೊಲ್ಲುವುದಕ್ಕೆ ಸರಕಾರವು ಕೊಟ್ಟ ಅಪ್ಪಣೆಯ ಗುರುತು.

ಇವರಲ್ಲಿ ಉತ್ತಮನು ಯಾರೆಂಬ ವಾದವು ಪ್ರೇಕ್ಷಕರಲ್ಲಿ ಮೊದಲಿನಿಂದಲೂ ನಡೆದುಬಂದಿದೆ. ಅಲಂಕಾರಶಾಸ್ತ್ರದ ನಾಯಕಲಕ್ಷಣಗಳನ್ನು ಹಿಡಿದು ನೋಡಿದರೆ, ಕಾನರಿಯಲ್ಲಿ ಧೀರೋದ್ಧತನ ದರ್ಪವೂ ಮೂರನಲ್ಲಿ ಧೀರಲಲಿತನ ನಿಶ್ಚಿಂತವಿಲಾಸವೂ ಎದ್ದು ಕಾಣುತ್ತವೆ. ಬ್ರಾಸ್ನನನು ಇವೆರಡನ್ನೂ ಬೆರಸಿದವನು. ಇಂತಹ ತಾರತಮ್ಯವು ಅಭಿರುಚಿಗೆ ಸೇರಿದುದು. ಧರ್ಮವಿಚಾರಕ್ಕೆ ಸೇರಿದ ತಾರತಮ್ಯವು ಬೇರೊಂದುಂಟು. ಕೊಂದವನು ಕೊಂದುದರ ಭಾರವನ್ನು ಹೊತ್ತನೆ, ಇಲ್ಲವೆ, ಎಂಬುದೇ ಅದು.

ಇಲ್ಲಿ ಪೂರ್ವಪಕ್ಷವು ಹೀಗಿರಬಹುದು: 'ನಾಟಕದಲ್ಲಿ ನಟರು ಬದಲಾಗುವುದು ಹೊಸತೇನೂ ಅಲ್ಲ. ಒಂದು ರಾತ್ರಿ ಕರ್ಣನ ವೇಷವನ್ನು ಒಬ್ಬನು ಕಟ್ಟುತ್ತಾನೆ, ಮರುರಾತ್ರಿ ಇನ್ನೊಬ್ಬನು. ಅದರಿಂದ ಕರ್ಣನಿಗೇನು ಕೊರತೆ?' ಮಾತು ನಿಜವೇ. ಆದರೆ ಕರ್ಣನ ಕಥೆಗೆ ಕೊನೆಯುಂಟು. ಯಾರು ವೇಷ ಕಟ್ಟಿದರೂ ಶಾಪವು ತಟ್ಟುತ್ತದೆ, ರಥದ ಗಾಲಿಯು ನೆಲದಲ್ಲಿ ಹೂಳುತ್ತದೆ. ಈ ಗೂಢಚಾರನ ಕಥೆಯಾದರೋ ಹಾಗಲ್ಲ. ಕಾರ್ಯಗಳು ಬೆಳೆಯುತ್ತ ಹೋಗುತ್ತವೆ. ಫಲವು ಬರಬೇಕಾದ ಹೊತ್ತಿಗೆ ಶರೀರವೇ ಬದಲಾಗಿರುತ್ತದೆ.

ಆತ್ಮವು ಸ್ಥಿರವಲ್ಲವೆಂದವರಿಗೆ ನಮ್ಮ ಪ್ರಾಚೀನರು ಎರಡು ದೋಷಗಳನ್ನು ತೋರಿಸಿದರು. ಮಾಡಿದವನಿಗೆ ಫಲವಿಲ್ಲದೆ ಹೋಗುವುದು ಕೃತಹಾನಿ. ಮಾಡದವನಿಗೆ ಫಲವು ಬಂದೊದಗುವುದು ಅಕೃತಾಭ್ಯಾಗಮ. ಈ ಚಿತ್ರಮಾಲೆಯಲ್ಲಿ ಎರಡಕ್ಕೂ ಉದಾಹರಣೆಯುಂಟು. 1969ರ ಚಿತ್ರದಲ್ಲಿ ಲೇಜನ್‌ಬಿಯ ಬಾಂಡನು ಮದುವೆಯಾಗುತ್ತಾನೆ. ಆ ದಿನವೇ ಮಡದಿಯು ಶತ್ರುಗಳ ಗುಂಡಿಗೆ ಬಲಿಯಾಗುತ್ತಾಳೆ. 1971ರಲ್ಲಿ ಕಾನರಿಯು ಮರಳಿ ಬಂದಾಗ ಆ ಮಡದಿಯ ಮಾತೇ ಇಲ್ಲ. 1981ರ ಚಿತ್ರದ ಆರಂಭದಲ್ಲಾದರೋ ಮೂರನ ಬಾಂಡನು ಅವಳ ಸಮಾಧಿಯ ಮೇಲೆ ಹೂವಿರಿಸುತ್ತಾನೆ. ಮದುವೆಯಾದ ಮುಖವೊಂದು, ಮರೆತ ಮುಖವೊಂದು, ಶೋಕಿಸಿದ ಮುಖ ಮತ್ತೊಂದು!

ಶೋಕದ ಗತಿಯು ಹೀಗಾದರೆ ಕೊಲೆಯ ಗತಿಯೇನು? 'ಡಾಕ್ಟರ್ ನೋ' ಚಿತ್ರದಲ್ಲಿ ಎದುರಾಳಿಯ ಪಿಸ್ತೂಲಿನಲ್ಲಿ ಗುಂಡು ಮುಗಿದಿದೆಯೆಂದು ತಿಳಿದೇ ಬಾಂಡನು ಅವನನ್ನು ಸಾವಕಾಶವಾಗಿ ಕೊಲ್ಲುತ್ತಾನೆ; ಮುಖದಲ್ಲಿ ವಿಕಾರವಿಲ್ಲ. ಮುಂದಿನ ಅನೇಕ ಚಿತ್ರಗಳಲ್ಲಿ ಸಾವಿನ ಬೆನ್ನಿಗೇ ಒಂದು ಚಾಟೂಕ್ತಿಯು ಬರುತ್ತದೆ, ಪ್ರೇಕ್ಷಕರು ನಗುತ್ತಾರೆ. 'ರಾಜಾಜ್ಞೆಯಿಂದ ಕೊಂದವನಿಗೆ ದೋಷವೆಲ್ಲಿಯದು?' ಎಂದರೆ, ಆಜ್ಞೆಯು ದಂಡನೆಯನ್ನು ತಪ್ಪಿಸಬಲ್ಲುದು; ಚಿತ್ತದಲ್ಲಿ ಉಳಿಯುವ ಸಂಸ್ಕಾರವನ್ನು ತಪ್ಪಿಸಲಾರದು. ಅಪ್ಪಣೆಯು ದೊರೆಯದು, ಕೈ ತನ್ನದು.

ಈ ತತ್ತ್ವವು ಚಿತ್ರಕಾರರಿಗೆ ಕ್ರಮೇಣ ಗೋಚರಿಸಿತು. 1989ರಲ್ಲಿ ಡಾಲ್ಟನನ ಬಾಂಡನಿಂದ ಆ ಅಪ್ಪಣೆಯನ್ನು ಹಿಂದಕ್ಕೆ ಪಡೆಯುತ್ತಾರೆ. ಮಿತ್ರನಿಗಾದ ಅನ್ಯಾಯಕ್ಕೆ ಪ್ರತೀಕಾರ ಮಾಡಹೊರಟ ಅವನು ಇನ್ನು ಆಜ್ಞೆಯ ಮರೆಯಲ್ಲಿ ನಿಲ್ಲುವಂತಿಲ್ಲ. ಕರ್ತೃತ್ವವು ಪೂರ್ತಿಯಾಗಿ ಅವನದೇ. 2006ರಲ್ಲಿ ಕ್ರೇಗನ ಬಾಂಡನು ಮೆಟ್ಟಿಲುಗಳ ಮೇಲೆ ಹೋರಾಡಿ ಕೊಂದ ಬಳಿಕ ಕನ್ನಡಿಯ ಮುಂದೆ ನಿಂತು ರಕ್ತವನ್ನು ತೊಳೆದುಕೊಳ್ಳುತ್ತಾನೆ. ಆ ಕೊಲೆಯನ್ನು ಕಂಡ ಹೆಣ್ಣು ಉಟ್ಟ ಬಟ್ಟೆಯಲ್ಲೇ ನೀರಿನ ಕೆಳಗೆ ಕುಳಿತು ನಡುಗುತ್ತಾಳೆ. ಅವಳ ಮರಣದ ನೆನಪು ಮುಂದಿನ ಚಿತ್ರಗಳಲ್ಲಿಯೂ ಅವನನ್ನು ಬಿಡುವುದಿಲ್ಲ. 2021ರಲ್ಲಿ ಅವನ ಮೈಗೆ ಸೇರಿದ ವಿಷವು ಅವನು ಮುಟ್ಟಿದರೆ ಪ್ರಿಯೆಯನ್ನೂ ಮಗಳನ್ನೂ ಕೊಲ್ಲುವಂತಹದು. ಅವನು ದ್ವೀಪದಲ್ಲಿಯೇ ನಿಂತು, ಸ್ವದೇಶದ ನೌಕಾಪಡೆಯ ಕ್ಷಿಪಣಿಗಳಿಂದ ಮಡಿಯುತ್ತಾನೆ. ಮಾಡಿದ ಕೈಯೂ ಉಂಡ ಬಾಯಿಯೂ ಈ ಐದು ಚಿತ್ರಗಳಲ್ಲಿ ಒಬ್ಬನವೇ. ಆದುದರಿಂದ ಧರ್ಮದೃಷ್ಟಿಯಲ್ಲಿ ಕ್ರೇಗನಿಗೆ ಅಗ್ರಸ್ಥಾನವು ಸಲ್ಲತಕ್ಕದ್ದು. ಒಂದೇ ಚಿತ್ರದಲ್ಲಿ ನಟಿಸಿ, ಸತ್ತ ಮಡದಿಯನ್ನು ಅಪ್ಪಿಕೊಂಡು ಕಥೆಯನ್ನು ಮುಗಿಸಿದ ಲೇಜನ್‌ಬಿಯನ್ನೂ ಆ ಪಂಕ್ತಿಯಿಂದ ಎಬ್ಬಿಸುವುದು ನ್ಯಾಯವಲ್ಲ.

ಆದರೂ ಆ ಚಿತ್ರದ ಅಂತ್ಯದಲ್ಲಿ, ಬಾಂಡನು ಮರಳಿ ಬರುವನೆಂಬ ಬರೆಹವು ಎಂದಿನಂತೆ ಮೂಡುತ್ತದೆ. ಬರುವ ಮುಖವು ಹೊಸದು. ಅದಕ್ಕೆ ಹಳೆಯ ಋಣವಿಲ್ಲ. ಹಾಗಾದರೆ ಇಷ್ಟು ಶರೀರಗಳ ನಡುವೆ 'ಆತನೇ ಈತನು' ಎಂದು ಗುರುತಿಸುತ್ತ ಬಂದವನು ಯಾರು? ನಟನಲ್ಲ, ಪಾತ್ರವೂ ಅಲ್ಲ. ಕತ್ತಲಲ್ಲಿ ಕುಳಿತ ಪ್ರೇಕ್ಷಕನು. 1962ರ ಪಿಸ್ತೂಲಿನ ಸದ್ದನ್ನೂ 2021ರ ಕ್ಷಿಪಣಿಯ ಸದ್ದನ್ನೂ ಒಂದೇ ಸ್ಮೃತಿಯಲ್ಲಿ ಹಿಡಿದಿಟ್ಟವನು ಅವನೊಬ್ಬನೇ. ಸ್ಮೃತಿಯು ಎಲ್ಲಿರುವುದೋ ಲೆಕ್ಕವೂ ಅಲ್ಲಿಯೇ ಇರತಕ್ಕದ್ದು. ಕೊಲೆಯ ಬೆನ್ನಿಗೆ ಚಾಟೂಕ್ತಿಯು ಕೇಳಿಬಂದಾಗ ನಗುವುದಕ್ಕೆ ಮೊದಲು ಪ್ರೇಕ್ಷಕನು ಒಂದು ಕ್ಷಣ ತಡೆದರೆ, ಆ ಸಾಲದಲ್ಲಿ ಅಷ್ಟನ್ನು ತೀರಿಸಿದಂತಾಗುವುದು.