ಬದಲಾಗಬೇಕಾದವರು ಯಾರು?

ಜಯನಗರದ ನಾಲ್ಕನೆಯ ಬ್ಲಾಕಿನ ಸುತ್ತಮುತ್ತಲಾಗಲಿ, ಬನಶಂಕರಿಯ ಬಸ್ ನಿಲ್ದಾಣದಲ್ಲಾಗಲಿ, ಬಿ.ಟಿ.ಎಂ. ಬಡಾವಣೆಯ ಇಕ್ಕಟ್ಟಾದ ಅಡ್ಡರಸ್ತೆಗಳಲ್ಲಾಗಲಿ ಇಬ್ಬರು ತರುಣರು ಜೊತೆಜೊತೆಯಾಗಿ ನಡೆದು ಹೋಗುವುದನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಬಿಳಿಯ ಅಂಗಿ, ಕೊರಳಿಗೆ ಟೈ, ಎದೆಯ ಮೇಲೆ ಕಪ್ಪು ಬಣ್ಣದ ಪುಟ್ಟ ಫಲಕ. ಆ ಫಲಕದಲ್ಲಿ ಅವರ ಮನೆತನದ ಹೆಸರಿನ ಹಿಂದೆ ‘ಎಲ್ಡರ್’ ಎಂದು ಬರೆದಿರುತ್ತದೆ. ಎಲ್ಡರ್ ಎಂದರೆ ಹಿರಿಯ. ಮೀಸೆಯೇ ಸರಿಯಾಗಿ ಮೂಡದ ಹತ್ತೊಂಬತ್ತರ ಹುಡುಗನನ್ನು ಹಿರಿಯನೆಂದು ಕರೆಯುವುದು ನಮಗೆ ವಿಚಿತ್ರವಾಗಿ ತೋರಬಹುದು. ಆದರೆ ಆ ಹುಡುಗನ ದಿನಚರಿಯನ್ನು ಅರಿತವರು ಅಷ್ಟು ಸುಲಭವಾಗಿ ನಗಲಾರರು.

ಜನರು ‘ಮಾರ್ಮನರು’ ಎಂದು ಕರೆಯುವ, 1830ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಎಂಬಾತ ಸ್ಥಾಪಿಸಿದ ‘ಕಡೇ ದಿನಗಳ ಸಂತರ ಯೇಸು ಕ್ರಿಸ್ತರ ಸಭೆ’ಗೆ ಸೇರಿದವರು ಇವರು. ಆ ಅಡ್ಡಹೆಸರನ್ನು ಬಳಸಬಾರದೆಂದು 2018ರಲ್ಲಿ ಅವರ ಸಭೆಯ ಅಧ್ಯಕ್ಷರು ಕೋರಿದ್ದರಿಂದ ಅದನ್ನು ನಾನೂ ಇಲ್ಲಿಗೇ ಬಿಡುತ್ತೇನೆ. ಬೆಂಗಳೂರನ್ನು ಕೇಂದ್ರವಾಗಿಸಿಕೊಂಡ ಅವರ ಮಿಷನ್ 1993ರಲ್ಲಿ ಆರಂಭವಾಯಿತು. 2018ರ ಏಪ್ರಿಲ್‌ನಲ್ಲಿ ಭಾರತದ ತಮ್ಮ ಮೊದಲ ದೇವಾಲಯವನ್ನು ಇದೇ ನಗರದಲ್ಲಿ ಕಟ್ಟುವುದಾಗಿ ಅವರು ಘೋಷಿಸಿದರು. ನಮಗೂ ಅವರಿಗೂ ಇರುವ ಅಂತರ ಸಣ್ಣದಲ್ಲ. ತ್ರೈಏಕ ದೇವರ ಕುರಿತ ಅವರ ತಿಳುವಳಿಕೆ ನಮ್ಮದಲ್ಲ. ಅವರ ಜ್ಞಾನಸ್ನಾನವು ಸಿಂಧುವಲ್ಲವೆಂದು ರೋಮಿನ ವಿಶ್ವಾಸಬೋಧನಾ ಪೀಠವು 2001ರಲ್ಲಿ ಸ್ಪಷ್ಟವಾಗಿ ತಿಳಿಸಿದೆ. ಹಾಗಿದ್ದೂ 2019ರ ಮಾರ್ಚ್‌ನಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಅವರ ಅಧ್ಯಕ್ಷರನ್ನು ವ್ಯಾಟಿಕನ್ನಿನಲ್ಲಿ ಬರಮಾಡಿಕೊಂಡರು. ಬೋಧನೆಯಲ್ಲಿ ರಾಜಿಯಿಲ್ಲದೆಯೇ ಮನುಷ್ಯನನ್ನು ಗೌರವದಿಂದ ಕಾಣಬಹುದು. ಈ ಲೇಖನದಲ್ಲಿಯೂ ನಾನು ಬೋಧನೆಯ ವಾದಕ್ಕಿಳಿಯದೆ ಆ ತರುಣನ ಬದುಕನ್ನಷ್ಟೇ ನೋಡಬಯಸುತ್ತೇನೆ.

ಬೆಳಗ್ಗೆ ಆರೂವರೆಗೆ ಏಳುವುದು ಅವರ ರೂಢಿ. ಪ್ರಾರ್ಥನೆ, ವ್ಯಾಯಾಮ, ಉಪಾಹಾರ. ಬಳಿಕ ಒಬ್ಬೊಬ್ಬರಾಗಿ ಧರ್ಮಗ್ರಂಥಗಳ ಅಧ್ಯಯನ, ಆಮೇಲೆ ಇಬ್ಬರೂ ಕೂಡಿ ಅಧ್ಯಯನ. ಹಗಲೆಲ್ಲ ಜನರ ಭೇಟಿ, ಪಾಠ, ಸೇವೆ. ರಾತ್ರಿ ಮರುದಿನದ ಯೋಜನೆ ಬರೆದಿಟ್ಟು ಹತ್ತೂವರೆಯ ಹೊತ್ತಿಗೆ ದೀಪವಾರಿಸಬೇಕು. ವಾರದಲ್ಲಿ ಒಂದು ದಿನ ಬಟ್ಟೆ ಒಗೆಯಲು, ಸಾಮಾನು ತರಲು, ಮನೆಗೆ ಪತ್ರ ಬರೆಯಲು ಬಿಡುವು. 2019ರ ಫೆಬ್ರವರಿಯವರೆಗೆ ಮನೆಯವರ ದನಿಯನ್ನು ದೂರವಾಣಿಯಲ್ಲಿ ಕೇಳುವ ಭಾಗ್ಯ ವರ್ಷಕ್ಕೆ ಎರಡೇ ಬಾರಿ, ಕ್ರಿಸ್ಮಸ್ ಹಬ್ಬಕ್ಕೊಮ್ಮೆ, ತಾಯಂದಿರ ದಿನಕ್ಕೊಮ್ಮೆ. ಆಮೇಲೆ ಅದನ್ನು ವಾರಕ್ಕೊಮ್ಮೆ ಎಂದು ಸಡಿಲಿಸಿದರು. ತರುಣರಿಗೆ ಎರಡು ವರ್ಷ, ತರುಣಿಯರಿಗೆ ಹದಿನೆಂಟು ತಿಂಗಳು. ಈ ಕೆಲಸಕ್ಕೆ ಸಂಬಳವಿಲ್ಲ. ಖರ್ಚಿಗೆ ತಾವೇ ಉಳಿಸಿದ ಹಣ ಅಥವಾ ಮನೆಯವರ ನೆರವು ಬೇಕು. ಯಾವ ಊರಿಗೆ ಹೋಗಬೇಕೆಂಬುದನ್ನು ಹುಡುಗ ಆರಿಸಿಕೊಳ್ಳುವಂತಿಲ್ಲ. ಸಾಲ್ಟ್ ಲೇಕ್ ಸಿಟಿಯಿಂದ ಬರುವ ಪತ್ರ ಹೇಳಿದಲ್ಲಿಗೆ ಹೊರಡಬೇಕು.

ಅವರ ನಿಯಮಗಳಲ್ಲಿ ನಮ್ಮ ಬಡಾವಣೆಗಳ ಮನೆವಾರ್ತೆಗೆ ನೇರವಾಗಿ ತಾಗುವುದು ಒಂದಿದೆ. ಅವರು ಕಾಫಿ, ಚಹಾ ಮುಟ್ಟುವುದಿಲ್ಲ. 1833ರಿಂದಲೂ ಅವರ ಸಭೆಯಲ್ಲಿ ಮಾನ್ಯವಾಗಿರುವ ಆರೋಗ್ಯನಿಯಮದ ಪ್ರಕಾರ ಮದ್ಯ, ತಂಬಾಕುಗಳ ಸಾಲಿನಲ್ಲಿಯೇ ಇವೂ ವರ್ಜ್ಯ. ಜಯನಗರ, ಬನಶಂಕರಿಗಳ ಮನೆಗಳಲ್ಲಿ ಅತಿಥಿ ಪಾದರಕ್ಷೆ ಕಳಚುವ ಮುನ್ನವೇ ಅಡುಗೆಮನೆಯಲ್ಲಿ ಡಿಕಾಕ್ಷನ್ನಿನ ಪರಿಮಳವೇಳುತ್ತದೆ. ಆ ಲೋಟವನ್ನು ಬೇಡವೆನ್ನುವುದೆಂದರೆ ಮನೆಯಾಕೆಯ ಕೈಯನ್ನೇ ಬೇಡವೆಂದಂತೆ. ಆದ್ದರಿಂದ ಹತ್ತೊಂಬತ್ತರ ಹುಡುಗ ಇಲ್ಲಿ ದಿನವೂ ಕಲಿಯಬೇಕಾದದ್ದು ನಿರಾಕರಣೆಯನ್ನಲ್ಲ. ನೋಯಿಸದೆ ನಿರಾಕರಿಸುವ ವಿನಯವನ್ನು. ಮಜ್ಜಿಗೆಯೋ ನಿಂಬೆ ಪಾನಕವೋ ಇದ್ದರೆ ಸಾಕಮ್ಮಾ ಎಂದು ಕೇಳಿ ಪಡೆಯುವ ನಮ್ರತೆಯೂ ಅದರೊಡನೆ ಬರಬೇಕು. ವ್ರತವನ್ನು ಪಾಲಿಸುವುದು ಒಂದು ಹಂತ. ತನ್ನ ವ್ರತದ ಭಾರವನ್ನು ಇನ್ನೊಬ್ಬರ ಮೇಲೆ ಹೇರದಿರುವುದು ಅದಕ್ಕಿಂತ ಮೇಲಿನ ಹಂತ. ತಪಸ್ಸು ಕಾಲದಲ್ಲಿ ನಮ್ಮ ಉಪವಾಸದ ಸುದ್ದಿಯನ್ನು ಊರಿಗೆಲ್ಲ ಹರಡುವ ನಾವು ಇದನ್ನು ತುಸು ಗಮನಿಸಬಹುದು.

ಇನ್ನು ಸಂಗಾತಿಯ ವಿಷಯ. ಅವರಲ್ಲಿ ಯಾರೂ ಒಬ್ಬಂಟಿಯಾಗಿ ಓಡಾಡುವಂತಿಲ್ಲ. ಸಂಗಾತಿಯು ಸದಾ ಕಣ್ಣಳತೆಯಲ್ಲಿಯೇ ಇರಬೇಕು. ಆ ಸಂಗಾತಿಯನ್ನು ಕೂಡ ಅವನು ಆರಿಸಿಕೊಂಡದ್ದಲ್ಲ. ಭಾಷೆ, ಊಟ, ಸಿಟ್ಟು, ಗೊರಕೆ ಎಲ್ಲವೂ ಬೇರೆ. ಯೇಸುಸ್ವಾಮಿ ಹನ್ನೆರಡು ಮಂದಿಯನ್ನು ಇಬ್ಬಿಬ್ಬರನ್ನಾಗಿ ಕಳುಹಿಸಿದರೆಂದು ಸಂತ ಮಾರ್ಕನು ತನ್ನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ತಿಳಿಸುತ್ತಾನೆ. ಯಾರ ಜೊತೆ ಯಾರೆಂಬುದನ್ನು ಮಾತ್ರ ಹೇಳುವುದಿಲ್ಲ. ಗುರುಮಠದಲ್ಲಿ ಎಂಟು ಹತ್ತು ವರ್ಷ ಕಳೆದ ನಾವು ಬಲ್ಲೆವು: ಧ್ಯಾನಮಂದಿರದಲ್ಲಿ ದೊರೆತ ಶಾಂತಿ ಎಷ್ಟು ಗಟ್ಟಿಯೆಂಬುದು ಗೊತ್ತಾಗುವುದು ಪಕ್ಕದ ಕೋಣೆಯವನು ಬಾಗಿಲನ್ನು ದಡಾರನೆ ಎಳೆದಾಗ. ಅವರ ಆತ್ಮಿಕ ಬೆಳವಣಿಗೆಯ ಬಹುಪಾಲು ಬಹುಶಃ ಬೀದಿಯಲ್ಲಿ ಆಗದೆ, ಬಾಡಿಗೆ ಮನೆಯ ಆ ಪುಟ್ಟ ಕೋಣೆಯಲ್ಲಿಯೇ ಆಗುತ್ತದೆ.

ಆದರೆ ಇಲ್ಲೊಂದು ನೈತಿಕ ಪ್ರಶ್ನೆ ಎದುರಾಗುತ್ತದೆ. ಎರಡು ವರ್ಷದ ಸೇವೆ ಮುಗಿಸಿದ ತರುಣರು, ತಾವು ಅತಿ ಹೆಚ್ಚಾಗಿ ಬದಲಿಸಿದ್ದು ತಮ್ಮನ್ನೇ ಎಂದು ಹೇಳಿಕೊಳ್ಳುವುದುಂಟು. ವಿನಯದ ಮಾತೇ ಹೌದು. ಆದರೆ ತುಸು ತಡೆದು ನೋಡೋಣ. ಪರರ ಮನೆಗೆ ಹೋಗಿ ಅವರ ವಿಶ್ವಾಸ, ದುಃಖ, ಸಾವುನೋವುಗಳ ಬಗ್ಗೆ ಮಾತನಾಡಿ ಬಂದವನು ‘ಇದರಿಂದ ನಾನು ಬೆಳೆದೆ’ ಎನ್ನುವುದಾದರೆ, ಆ ಮನೆಯವರು ಅವನಿಗೆ ಏನಾದಂತಾಯಿತು? ಅವನ ಗರಡಿಮನೆಯೇ? ಮನುಷ್ಯನನ್ನು ಕೇವಲ ಸಾಧನವನ್ನಾಗಿ ಬಳಸಕೂಡದೆಂದು ತತ್ವಜ್ಞಾನಿ ಕಾಂಟ್ 1785ರಲ್ಲಿ ಬೋಧಿಸಿದ್ದು ಅಂಗಡಿ, ಕಾರ್ಖಾನೆಗಳಿಗೆ ಮಾತ್ರ ಅನ್ವಯಿಸುವ ಮಾತಲ್ಲ, ಧರ್ಮಸೇವೆಗೂ ಅನ್ವಯಿಸುತ್ತದೆ. ಲೆಕ್ಕಕ್ಕಾಗಿ ಜನರನ್ನು ಸೇರಿಸುವವನು ಅವರನ್ನು ಸಂಖ್ಯೆಯನ್ನಾಗಿಸುತ್ತಾನೆ. ಆತ್ಮೋನ್ನತಿಗಾಗಿ ಸೇವೆ ಮಾಡುವವನು ಅವರನ್ನು ಏಣಿಯನ್ನಾಗಿಸುತ್ತಾನೆ. ಎರಡನೆಯದು ಹೆಚ್ಚು ಪವಿತ್ರವಾಗಿ ಕಾಣುವುದರಿಂದಲೇ ಹೆಚ್ಚು ಅಪಾಯಕಾರಿ.

ಈ ಪ್ರಶ್ನೆ ಪರರಿಗಷ್ಟೇ ಸೇರಿದ್ದಲ್ಲ. ಬಿ.ಟಿ.ಎಂ. ಬಡಾವಣೆಯನ್ನೇ ತೆಗೆದುಕೊಳ್ಳಿ. ಅಲ್ಲಿನ ಪಿ.ಜಿ.ಗಳಲ್ಲಿ ಊರುಬಿಟ್ಟು ಬಂದ ಸಾವಿರಾರು ಯುವಜನರು ಒಂದೊಂದು ಮಂಚದ ಬಾಡಿಗೆ ಕಟ್ಟಿ ಬದುಕುತ್ತಾರೆ. ಇಂಥ ಒಬ್ಬ ಒಂಟಿ ಹುಡುಗನ ಬಳಿಗೆ ಇಬ್ಬರು ಸಮವಯಸ್ಕರು ಬಂದು ಹೆಸರು ಕೇಳಿ, ಮರುವಾರವೂ ನೆನಪಿಟ್ಟುಕೊಂಡು ಬಂದರೆ, ಅವನ ಹೃದಯ ತೆರೆದುಕೊಳ್ಳುವುದರಲ್ಲಿ ಆಶ್ಚರ್ಯವೇನು? ಆದರೆ ಅವರ ಪದ್ಧತಿಯಲ್ಲಿ ಸುಮಾರು ಆರು ವಾರಗಳಿಗೊಮ್ಮೆ ವರ್ಗಾವಣೆಯ ತೀರ್ಮಾನಗಳಾಗುತ್ತವೆ. ಗೆಳೆಯ ಹೊರಟುಹೋದ ಮೇಲೆ ಉಳಿಯುವುದು ಗೆಳೆತನವೋ, ಬರಿಯ ಪಾಠವೋ? ಹೀಗೆ ಕೇಳುವ ಹಕ್ಕು ನಮಗಿದೆ. ಆದರೆ ಅದೇ ಹುಡುಗ ಎಷ್ಟೋ ಭಾನುವಾರಗಳು ನಮ್ಮ ದೇವಾಲಯದ ಕೊನೆಯ ಬೆಂಚಿನಲ್ಲಿ ಕುಳಿತು, ಬಲಿಪೂಜೆ ಮುಗಿದೊಡನೆ ಒಬ್ಬರ ಮಾತೂ ಕಿವಿಗೆ ಬೀಳದೆ ಹಿಂದಿರುಗಿರಲೂಬಹುದು. ‘ನಮ್ಮವರನ್ನು ಸೆಳೆಯುತ್ತಾರೆ’ ಎಂದು ದೂರುವವರು, ಆತ ನಮ್ಮವನಾಗಿದ್ದಾಗ ಅವನ ಹೆಸರು ನಮಗೆ ತಿಳಿದಿತ್ತೇ ಎಂಬುದನ್ನೂ ಹೇಳಬೇಕಾಗುತ್ತದೆ.

ಕನ್ನಡ ನಾಡಿಗೆ ಈ ಸಂದಿಗ್ಧ ಹೊಸತಲ್ಲ. ಪ್ಯಾರಿಸ್ ವಿದೇಶೀ ಮಿಷನ್ ಸಂಘದ ಅಬ್ಬೆ ದುಬ್ವಾರವರು 1792ರಲ್ಲಿ, ಇನ್ನೂ ಮೂವತ್ತು ತುಂಬದ ವಯಸ್ಸಿನಲ್ಲಿ, ಭಾರತಕ್ಕೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಮೈಸೂರು ಸೀಮೆಯಲ್ಲಿ ನೆಲೆಸಿ, ನಮ್ಮ ಉಡುಪನ್ನುಟ್ಟು, ನಮ್ಮ ಊಟವನ್ನುಂಡು, ಸಿಡುಬಿಗೆ ದೇವಿ ಹಾಕುವ ಕಾರ್ಯವನ್ನು ಹಳ್ಳಿಗಳಿಗೆ ಕೊಂಡೊಯ್ದರು. ಬಡ ಕ್ರೈಸ್ತರಿಗಾಗಿ ಬೇಸಾಯದ ವಸತಿಗಳನ್ನು ನಿರ್ಮಿಸಿದರು. ಮೂರು ದಶಕಗಳ ಬಳಿಕ, 1823ರಲ್ಲಿ ಹಿಂದಿರುಗುವಾಗ, ಈ ನಾಡಿನ ಜನರನ್ನು ಕ್ರೈಸ್ತಧರ್ಮಕ್ಕೆ ತರುವುದು ಆಗದ ಕೆಲಸವೆಂದು ಬಹಿರಂಗವಾಗಿಯೇ ಬರೆದರು. ಆ ತೀರ್ಮಾನವನ್ನು ಅಂದು ಅನೇಕರು ಖಂಡಿಸಿದರು. ನನಗೂ ಅದು ನಿರಾಶೆ ಮಿತಿಮೀರಿದ ಮಾತೆನಿಸುತ್ತದೆ. ಆದರೆ ದೇವಿ ಹಾಕಿಸಿಕೊಂಡು ಬದುಕುಳಿದ ಮಗುವಿಗೆ ಆ ತೀರ್ಮಾನದಿಂದ ಏನೂ ನಷ್ಟವಾಗಲಿಲ್ಲ. ಆ ಮಗು ಅವರ ಏಣಿಯಾಗಿರಲಿಲ್ಲ, ಅವರ ಲೆಕ್ಕದ ಅಂಕಿಯೂ ಆಗಿರಲಿಲ್ಲ. ಬಾಸೆಲ್ ಮಿಷನ್ನಿನಿಂದ 1853ರಲ್ಲಿ ಬಂದ ಕಿಟ್ಟೆಲ್‌ರಿಗೆ ಆಗ ಇಪ್ಪತ್ತೊಂದು ವರ್ಷ, ನಾವು ಮಾತನಾಡುತ್ತಿರುವ ಹುಡುಗರಿಗಿಂತ ತುಸುವೇ ಹಿರಿಯರು. ಅವರಿಂದ ಮತಾಂತರಗೊಂಡವರೆಷ್ಟೆಂದು ಇಂದು ಯಾರೂ ಕೇಳುವುದಿಲ್ಲ. 1894ರಲ್ಲಿ ಹೊರಬಂದ ಅವರ ನಿಘಂಟು ಇಂದಿಗೂ ನಮ್ಮ ಕಪಾಟಿನಲ್ಲಿದೆ. ಬೋಧಿಸಲು ಬಂದವರು ಮೊದಲು ಕೇಳಿಸಿಕೊಂಡರು, ಪದಪದವಾಗಿ.

ಆದ್ದರಿಂದ ಆ ತರುಣರು ನಿಮ್ಮ ಜೊತೆ ಮಾತಿಗಿಳಿದರೆ ಬಾಗಿಲನ್ನು ಮುಖಕ್ಕೆ ಬಡಿಯಬೇಡಿರಿ, ನಿಮ್ಮ ವಿಶ್ವಾಸವನ್ನು ಬಚ್ಚಿಡಲೂ ಬೇಡಿರಿ. ನೀವು ಕಥೋಲಿಕರೆಂದು ಹೇಳಿರಿ. ಏಕೆಂದು ಕೇಳಿದರೆ ಉತ್ತರವಿರಲಿ. ಉತ್ತರವಿಲ್ಲದಿದ್ದರೆ ಅದಕ್ಕೆ ಅವರನ್ನು ದೂರಬಾರದು. ಯಾರನ್ನೂ ಅವರ ಮನಸ್ಸಾಕ್ಷಿಗೆ ವಿರುದ್ಧವಾಗಿ ಬಲವಂತಪಡಿಸಬಾರದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ಆ ಸ್ವಾತಂತ್ರ್ಯ ಅವರಿಗೂ ಉಂಟು, ಅವರ ಮಾತಿಗೆ ಒಪ್ಪದಿರುವ ನಿಮಗೂ ಉಂಟು.

ತಂದೆತಾಯಿಗಳೇ, ನಿಮಗೆ ಇನ್ನೊಂದು ಮಾತು. ಹದಿನೆಂಟರ ಮಗನನ್ನು ನಾವು ನಸುಕಿನ ಐದಕ್ಕೆ ಎಬ್ಬಿಸಬಲ್ಲೆವು, ನೀಟ್ ಮತ್ತು ಸಿ.ಇ.ಟಿ. ತರಬೇತಿಗೆ. ಅದಕ್ಕಾಗಿ ಸಾಲವನ್ನೂ ಮಾಡಬಲ್ಲೆವು. ಅದೇ ವಯಸ್ಸಿನಲ್ಲಿ ಬೇರೊಂದು ಮನೆಯವರು ಮಗನ ಎರಡು ವರ್ಷವನ್ನು, ಅಂಕಪಟ್ಟಿಯಲ್ಲಿ ಎಲ್ಲಿಯೂ ಕಾಣಿಸದ ಕೆಲಸಕ್ಕೆ, ಖರ್ಚುಸಹಿತ ಕೊಟ್ಟು ಕಳುಹಿಸುತ್ತಾರೆ. ಅವರ ಬೋಧನೆಯನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ನಮ್ಮ ಮಗ ಒಂದು ಬೇಸಿಗೆ ರಜೆಯನ್ನು ವೃದ್ಧಾಶ್ರಮದ ಸೇವೆಗೆ ಕೊಡುತ್ತೇನೆಂದರೆ, ಅಥವಾ ಗುರುಮಠ ಸೇರುತ್ತೇನೆಂದರೆ, ಊಟದ ಮೇಜಿನ ಸುತ್ತ ಆವರಿಸುವ ಮೌನ ಎಂಥದೆಂಬುದನ್ನು ಧರ್ಮಕೇಂದ್ರದ ಗುರುಗಳು ಚೆನ್ನಾಗಿ ಬಲ್ಲರು.

ಎರಡು ವರ್ಷ ಮುಗಿದ ದಿನ ಆ ತರುಣನು ಎದೆಯ ಮೇಲಿನ ಕಪ್ಪು ಫಲಕವನ್ನು ತೆಗೆದಿಡುತ್ತಾನೆ. ಅಂದಿನಿಂದ ಅವನನ್ನು ಯಾರೂ ಹಿರಿಯನೆನ್ನುವುದಿಲ್ಲ. ಮನೆಯಲ್ಲಿ ಮತ್ತೆ ಹಳೆಯ ಮುದ್ದಿನ ಹೆಸರು. ಜೊತೆಗೆ ನಡೆಯಲು ಸಂಗಾತಿಯಿಲ್ಲ, ಆರೂವರೆಗೆ ಏಳಲೇಬೇಕೆಂಬ ನಿಯಮವಿಲ್ಲ, ರಾತ್ರಿ ವರದಿ ಒಪ್ಪಿಸಬೇಕಾದವರಿಲ್ಲ. ಕೆಲಸ ಹುಡುಕಬೇಕು, ಓದು ಮುಂದುವರಿಸಬೇಕು. ಬೀದಿಯಲ್ಲಿ ಎದುರಾದ ಅಪರಿಚಿತರು ಈಗ ಅವನಿಗೆ ಬೋಧನೆಯ ಅವಕಾಶಗಳಲ್ಲ, ಬರಿಯ ಜನರು. ಬಸ್ಸಿನಲ್ಲಿ ಪಕ್ಕದ ವೃದ್ಧರು ತಮ್ಮ ಮೊಣಕಾಲಿನ ನೋವನ್ನು ಹೇಳತೊಡಗುತ್ತಾರೆ. ಆತನು ಇಳಿಯಬೇಕಾದ ನಿಲ್ದಾಣ ಇನ್ನೂ ದೂರವಿದೆ.