ಅಂಗೈಯ ಯಂತ್ರ, ಮನದ ಕಳವಳ

ದೇಹಕ್ಕೆ ಜ್ವರ ಬಂದರೆ ಮನೆಮಂದಿಯೆಲ್ಲ ಹಾಸಿಗೆಯ ಸುತ್ತ ಕೂಡುವರು. ಮನಸ್ಸಿಗೆ ಬೇಗೆ ಹತ್ತಿದರೆ ಹೇಳಿಕೊಳ್ಳುವುದಕ್ಕೂ ಮಕ್ಕಳು ನಾಚುವರು. ಊರು ಬಿಟ್ಟು ಪಟ್ಟಣದ ವಿದ್ಯಾರ್ಥಿನಿಲಯ ಸೇರಿದ ಕಾಲೇಜು ಹುಡುಗನ ಪಾಡಂತೂ ಇನ್ನೂ ಕಷ್ಟದ್ದು. ಪರೀಕ್ಷೆಯ ಭಯ, ಸಾಲಮಾಡಿ ಶುಲ್ಕ ಕಟ್ಟಿದ ತಂದೆಯ ಮುಖ, ನಿದ್ರೆಯಿಲ್ಲದ ರಾತ್ರಿ, ಇವನ್ನೆಲ್ಲ ಆತನು ಯಾರಲ್ಲಿ ತೋಡಿಕೊಂಡಾನು? ಅಂಗೈಯಲ್ಲಿರುವ ಮೊಬೈಲಿನ ಆ್ಯಪಿನಲ್ಲಿ ತೋಡಿಕೊಳ್ಳುವನು.

ಇದಕ್ಕೆ ಹಿರಿಯರು ನಗಬೇಕಾದುದಿಲ್ಲ. ಖಿನ್ನತೆಯುಳ್ಳವರು ತಾವೇ ಅಭ್ಯಾಸಮಾಡಿಕೊಳ್ಳಲೆಂದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರೇ 'ಪುಶ್-ಡಿ' ಎಂಬ ಆ್ಯಪನ್ನು ರೂಪಿಸಿದ್ದುಂಟು. ಇಂತಹವು ಸಾಮಾನ್ಯವಾಗಿ ಕಲಿಸುವುದೇನೆಂದರೆ, ಮೂಡಿದ ಆಲೋಚನೆಯನ್ನು ಬರೆದಿಡು. ಅದು ನಿಜವೋ, ಭಯವು ಹುಟ್ಟಿಸಿದ ಭ್ರಮೆಯೋ ಪರೀಕ್ಷಿಸು. ಉಸಿರನ್ನು ನಿಧಾನವಾಗಿ ಬಿಡು. ಕೈಬಿಟ್ಟ ನಿತ್ಯದ ಕೆಲಸವೊಂದನ್ನು ಇಂದು ಮತ್ತೆ ಹಿಡಿ. 'ಒಂದು ವಿಷಯದಲ್ಲಿ ತಪ್ಪಾದೆನು, ಆದುದರಿಂದ ನಾನು ಯಾತಕ್ಕೂ ಬಾರದವನು' ಎಂಬ ಮಾತಿನಲ್ಲಿ ಆ 'ಆದುದರಿಂದ' ಸಲ್ಲುವುದೇ ಎಂದು ಕೇಳಿಕೊಳ್ಳುವುದು ವ್ಯಾಕರಣದ ಪ್ರಶ್ನೆಯಂತೆ ಕಂಡರೂ ಜೀವದ ಪ್ರಶ್ನೆಯೇ ಸರಿ. ತನ್ನ ಮನಸ್ಸನ್ನು ತಾನೇ ವಿಚಾರಿಸಿಕೊಳ್ಳುವುದು ಶರಣಮಾರ್ಗದವರಿಗೆ ಹೊಸತಲ್ಲ.

ಫಲವೂ ಇಲ್ಲದಿಲ್ಲ. ಅಮೆರಿಕದಲ್ಲಿ 70 ಮಂದಿ ತರುಣ ತರುಣಿಯರನ್ನು ಪರೀಕ್ಷಿಸಿದ ವರದಿ 2017ರಲ್ಲಿ ಹೊರಬಂದಿತು. 'ವೋಬಾಟ್' ಎಂಬ ಮಾತಾಡುವ ಆ್ಯಪನ್ನು ಬಳಸಿದವರ ಖಿನ್ನತೆ, ಪುಸ್ತಕವನ್ನು ಮಾತ್ರ ಪಡೆದವರದಕ್ಕಿಂತ ಹೆಚ್ಚು ತಗ್ಗಿತ್ತು. ಆದರೆ ಆ ಪರೀಕ್ಷೆ ನಡೆದುದು ಎರಡೇ ವಾರ! ಮನಃಸ್ವಾಸ್ಥ್ಯದ ಆ್ಯಪುಗಳ ಬಳಕೆಯನ್ನು ಎಣಿಸಿದ 2019ರ ಅಧ್ಯಯನದಲ್ಲಿ, 15 ದಿನಗಳ ಮೇಲೆ ಅವನ್ನು ತೆರೆಯುತ್ತಿದ್ದವರು ಸಾಮಾನ್ಯವಾಗಿ 100ಕ್ಕೆ 4 ಮಂದಿ. ಆ ವೋಬಾಟ್ ಆ್ಯಪೂ 2025ರ ಜೂನ್ ತಿಂಗಳಲ್ಲಿ ನಿಂತುಹೋಯಿತು.

ಹಿಡಿದ ನೇಮವನ್ನು ಒಬ್ಬನೇ ನಡೆಸುವುದು ಕಠಿಣ. ಕಲ್ಯಾಣದ ಶರಣರು ಅನುಭವಗೋಷ್ಠಿಯಲ್ಲಿ ಕೂಡಿದುದು ಸುಮ್ಮನೆಯೇ? ಯಾರಾದರೊಬ್ಬರು ಆಗಾಗ ವಿಚಾರಿಸುತ್ತಿದ್ದರೆ ಇದೇ ಅಭ್ಯಾಸ ಹೆಚ್ಚು ಫಲಿಸುವುದನ್ನು ಇಂದಿನ ಅಧ್ಯಯನಗಳೂ ಕಂಡಿವೆ. ಯಂತ್ರವು ಪ್ರಶ್ನೆ ಕೇಳೀತು. ಉಣ್ಣದೆ ಮಲಗಿದವನ ಬಾಗಿಲನ್ನು ತಟ್ಟಲಾರದು.

ಭಾನುವಾರ ಮಗನೊಡನೆ ಮಾತಾಡುವ ತಂದೆಯು ಅಂಕಗಳನ್ನು ಆಮೇಲೆ ಕೇಳಲಿ. 'ನಿದ್ದೆ ಸರಿಯಾಗಿ ಬರುತ್ತಿದೆಯೇನಪ್ಪಾ?' ಎಂದು ಮೊದಲು ಕೇಳಿ, ಉತ್ತರ ಬರುವ ತನಕ ಸುಮ್ಮನಿರಲಿ. ಬದುಕೇ ಬೇಡವೆಂಬ ಮಾತು ಬಂದಲ್ಲಿ ಆ್ಯಪು ಸಾಲದು; ಆ ಕೂಡಲೇ ಮಗನ ಬಳಿಗೆ ಹೋಗಿ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು. 2022ರ ಅಕ್ಟೋಬರಿನಲ್ಲಿ ಸರಕಾರವು ತೆರೆದ 'ಟೆಲಿ ಮಾನಸ್' ಸೇವೆಯ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕನ್ನಡದಲ್ಲಿ ಮಾತಾಡಬಹುದು. ಮಕ್ಕಳೇ ಅಲ್ಲ, ದಾರಿ ತೋರದ ತಂದೆತಾಯಿಗಳೂ ಅಲ್ಲಿಗೆ ಕರೆಮಾಡಬಹುದು.